ಬಿಟ್ಟುಹೋದ ಎರಡು ಪೆಟ್ಟು

ಮೋಹಿನಿಗೆ ಜನರ ಮುಖಕ್ಕಿಂತ ಮೊದಲು ಅವರ ಕಾಲು ಕಾಣುತ್ತದೆ. ಇದು ಒಳ್ಳೆಯ ಅಭ್ಯಾಸವಲ್ಲ ಎಂದು ಅವಳಿಗೂ ಗೊತ್ತು, ಆದರೆ ನಲವತ್ತು ದಾಟಿದ ಮೇಲೆ ಕಣ್ಣಿಗೆ ಬುದ್ಧಿ ಹೇಳುವವರು ಯಾರು. ಸೌದಿಯ ದಮ್ಮಾಮಿನ ಪಾಲಿಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತದ ಟ್ಯೂಬುಗಳಿಗೆ ಲೇಬಲ್ ಅಂಟಿಸುತ್ತ ನಿಂತಿರುವಾಗಲೂ ಗಾಜಿನ ಬಾಗಿಲಾಚೆ ಕಾರಿಡಾರಿನಲ್ಲಿ ಹೋಗುವ ಗಂಡ ಹೆಂಡಿರ ಹೆಜ್ಜೆ ಒಟ್ಟಿಗೆ ಬೀಳುತ್ತದೆಯೋ ಇಲ್ಲವೋ ಎಂದು ನೋಡುತ್ತಾಳೆ. ಹೆಚ್ಚಾಗಿ ಬೀಳುವುದಿಲ್ಲ. ಅಖಿಲೇಶನಂತೂ ಮದುವೆಯಾದ ದಿನದಿಂದ ಅವಳಿಗಿಂತ ಅರ್ಧ ಹೆಜ್ಜೆ ಆಚೆ ಅಥವಾ ಈಚೆ. ಮಾಲಿನಲ್ಲಿ ಅವನ ಜೊತೆ ನಡೆಯುವಾಗ ಅವಳು ಯಾರಿಗೂ ತಿಳಿಯದ ಹಾಗೆ ಸಣ್ಣಗೆ ಒಮ್ಮೆ ಕುಪ್ಪಳಿಸಿ ಹೆಜ್ಜೆ ಬದಲಿಸಿಕೊಳ್ಳುತ್ತಾಳೆ, ಮೂರು ಮಾರು ಹೋಗುವಷ್ಟರಲ್ಲಿ ಅವನು ಮತ್ತೆ ತಪ್ಪಿರುತ್ತಾನೆ, ಇವಳು ಮತ್ತೆ ಕುಪ್ಪಳಿಸುತ್ತಾಳೆ, ಅವನು ನಿಂತು, "ಎಂತ, ಕಾಲು ಉಳುಕಿತಾ?" ಎಂದು ಕೇಳುತ್ತಾನೆ. ದೇವರು ಆ ಮನುಷ್ಯನಿಗೆ ಎಲ್ಲವನ್ನೂ ಕೊಟ್ಟಿದ್ದಾನೆ, ತಾಳ ಒಂದನ್ನು ಬಿಟ್ಟು. ಅಂಥವನು ಇವತ್ತು ಅಬ್ಕೈಕಿನ ತನ್ನ ಪ್ಲಾಂಟಿನಿಂದ ಅರ್ಧ ದಿನ ರಜೆ ಹಾಕಿ, ಮಗಳ ಶಾಲೆಯ ಸ್ಪೋರ್ಟ್ಸ್ ಡೇಗೆ ಹೋಗಿ, ಮುಂದಿನ ಸಾಲಿನಲ್ಲಿ ಕೂತು, ಬ್ಯಾಂಡಿನಲ್ಲಿ ಅಕ್ಷಿತಾ ದೊಡ್ಡ ಡ್ರಮ್ ಬಾರಿಸುವುದನ್ನು ನೋಡುತ್ತಾನೆ. ಮೋಹಿನಿ ಹೋಗುವ ಹಾಗಿಲ್ಲ. ಬರಬೇಡ ಎಂದು ಮಗಳೇ ಹೇಳಿದ್ದಾಳೆ.

ಹೇಳಿದ್ದು ಜಗಳದ ಧ್ವನಿಯಲ್ಲೂ ಅಲ್ಲ. ಜಗಳವಾಗಿದ್ದರೆ ಮೋಹಿನಿಗೆ ಅಭ್ಯಾಸವಿತ್ತು. ಕಳೆದ ವಾರ ರಿಹರ್ಸಲ್ ನೋಡಲು ತಾಯಂದಿರನ್ನು ಕರೆದಿದ್ದರು. ಮಕ್ಕಳು ಬಿಳಿ ಬೂಟು ಹಾಕಿ, ಸಾಲಾಗಿ, ಚೆಂದವಾಗಿಯೇ ಬಂದರು. ಮೈದಾನದ ಮೂಲೆಯಲ್ಲಿ ತಿರುಗುವಾಗ ಏನೋ ಎಡವಟ್ಟಾಗಿ ಇಡೀ ಬ್ಯಾಂಡಿನ ಕಾಲು ಅದಲುಬದಲಾಯಿತು. ಎಡಗಾಲಿಗೆ ಬೀಳಬೇಕಾದ ದೊಡ್ಡ ಡ್ರಮ್ಮಿನ ಪೆಟ್ಟು ಬಲಗಾಲಿಗೆ ಬೀಳತೊಡಗಿತು. ಸುತ್ತ ಕೂತ ಹೆಂಗಸರು ಮೊಬೈಲು ಎತ್ತಿ ಹಿಡಿದು ನಗುಮುಖದಿಂದ ನೋಡುತ್ತಿದ್ದರು, ಯಾರಿಗೂ ಏನೂ ಅನಿಸಿರಲಿಲ್ಲ. ಮೋಹಿನಿಗೆ ಮಾತ್ರ ಮೈಯೆಲ್ಲ ಮುಳ್ಳೆದ್ದಂತಾಯಿತು. ತಾನು ಯಾವಾಗ ಎದ್ದು ನಿಂತೆನೆಂದು ಅವಳಿಗೆ ನೆನಪಿಲ್ಲ. "ಎಡ! ಎಡಗಾಲಿಗೆ ಹೊಡಿ!" ಎಂದು ಕೂಗಿದ್ದು ಮಾತ್ರ ಸ್ವತಃ ತನ್ನ ಕಿವಿಗೂ ಕೇಳಿತು. ಬ್ಯಾಂಡು ನಿಂತಿತು. ಪಿ.ಟಿ. ಮಿಸ್ಸು ಕತ್ತು ತಿರುಗಿಸಿದರು. ಪಕ್ಕದಲ್ಲಿದ್ದ ಶಬ್ನಮ್, ಒಳ್ಳೆಯ ಹೆಂಗಸು, ಅವಳ ಸೆರಗು ಹಿಡಿದು ಕೂರಿಸಿದಳು. ದೊಡ್ಡ ಡ್ರಮ್ಮಿನ ಹಿಂದಿನಿಂದ ಅಕ್ಷಿತಾಳ ಮುಖದ ಮೇಲರ್ಧ ಮಾತ್ರ ಕಾಣುತ್ತಿತ್ತು, ಆ ಅರ್ಧ ಸಾಕಾಗಿತ್ತು. ಮನೆಗೆ ಬಂದು ಊಟ ಮಾಡಿ ತಟ್ಟೆ ತೊಳೆದಿಟ್ಟು ಹುಡುಗಿ ಹೇಳಿದ್ದು ಇಷ್ಟು: "ಅಮ್ಮಾ, ಪ್ಲೀಸ್. ಥರ್ಸ್‌ಡೇ ನೀನು ಬರಬೇಡ. ಅಪ್ಪ ಬರ್ಲಿ." ಮೋಹಿನಿ, "ಆಯ್ತು, ಡ್ಯೂಟಿ ಉಂಟು ನಂಗೆ," ಎಂದಳು. ತಪ್ಪು ತನ್ನದೇ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಆದರೆ ಕಾಲು ತಪ್ಪಿದ್ದೂ ನಿಜವಲ್ಲವೇ ಎಂದು ಒಳಗೊಬ್ಬಳು ಇನ್ನೂ ವಾದಿಸುತ್ತಿದ್ದಳು, ಅವಳ ಬಾಯಿ ಮುಚ್ಚಿಸುವುದೇ ಕಷ್ಟವಾಗಿತ್ತು.

ಆ ಒಳಗಿನವಳು ಮುಲ್ಕಿಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಹುಟ್ಟಿದವಳು. ಎತ್ತರದ ಹುಡುಗಿ ಎಂಬ ಒಂದೇ ಕಾರಣಕ್ಕೆ ಡ್ರಿಲ್ ಮಾಸ್ಟ್ರು ಬ್ಯಾಂಡ್ ಸೆಟ್ಟಿನ ದೊಡ್ಡ ಡ್ರಮ್ಮನ್ನು ಇವಳ ಎದೆಗೆ ಕಟ್ಟಿಬಿಟ್ಟಿದ್ದರು. ಸೈಡ್ ಡ್ರಮ್ಮಿನ ಹುಡುಗಿಯರು ಕೈಚಳಕ ತೋರಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದರು. ದೊಡ್ಡ ಡ್ರಮ್ಮಿಗೆ ಚಪ್ಪಾಳೆ ಇಲ್ಲ. ಅದು ಸುಮ್ಮನೆ ನಡೆಯುವವರ ಕಾಲಿಗೆ ನೆಲ ತೋರಿಸುತ್ತ ಹೋಗಬೇಕು. ಆಗಸ್ಟ್ ಹದಿನೈದರ ಬೆಳಿಗ್ಗೆ ಹೆದ್ದಾರಿಯ ಬದಿಯಲ್ಲಿ ಇಡೀ ಶಾಲೆ ತನ್ನ ಪೆಟ್ಟಿಗೆ ಎಡಗಾಲು ಇಡುತ್ತ ಬರುತ್ತಿದೆ ಎಂದು ಮೊದಲ ಸಲ ತಿಳಿದಾಗ ಅವಳಿಗೆ ಆದ ಸುಖವನ್ನು ಆಮೇಲೆ ಬಂದ ಯಾವ ಸುಖವೂ ಸರಿಗಟ್ಟಲಿಲ್ಲ. ಇದನ್ನು ಅಖಿಲೇಶನಿಗೆ ಹೇಳಲಾಗುತ್ತದೆಯೇ. ಬೇಸರ ಮಾಡಿಕೊಂಡಾನು.

ಒಂದು ಸಮಾಧಾನವೆಂದರೆ ಇಂಥ ಹುಚ್ಚು ತನ್ನೊಬ್ಬಳದೇ ಅಲ್ಲ ಎಂಬುದು ಅವಳಿಗೆ ಈ ಊರಿಗೆ ಬಂದಮೇಲೆ ಗೊತ್ತಾಗಿದೆ. ಬ್ಯಾಂಡಿನವರು ಎಲ್ಲೆಂದರಲ್ಲಿ ಸಿಗುತ್ತಾರೆ, ಹುಡುಕಬೇಕಾಗಿಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಸರದಿಗೆ ಕಾಯುತ್ತಿದ್ದಾಗ ಒಬ್ಬಳು ಫಿಲಿಪಿನೋ ಹುಡುಗಿ ಫೈಲಿನ ಮೇಲೆ ಎರಡು ಪೆನ್ನು ಹಿಡಿದು ಬಾರಿಸುತ್ತಿದ್ದಳು. ಮೋಹಿನಿ ಕುರ್ಚಿಯ ಕೈಗೆ ಎರಡು ಪೆಟ್ಟು ಕೊಟ್ಟದ್ದೇ ತಡ, ಅವಳು ತಲೆಯೆತ್ತಿ ಹಲ್ಲು ತೋರಿಸಿ ನಕ್ಕಳು, ಇಬ್ಬರಿಗೂ ಮಾತಾಡಲು ಬೇರೆ ಏನೂ ಇರಲಿಲ್ಲ, ಬೇಕಾಗಲೂ ಇಲ್ಲ. ಹೈಪರ್‌ಮಾರ್ಕೆಟಿನಲ್ಲಿ ತರಕಾರಿ ತೂಗುವ ಒಬ್ಬನು ಸ್ಟಿಕ್ಕರ್ ಅಂಟಿಸುವಾಗ ಪ್ರತಿ ಚೀಲಕ್ಕೂ ಬೆರಳಲ್ಲೇ ಒಂದು ಸಣ್ಣ ಡ್ರಮ್ ರೋಲ್ ಬಾರಿಸುತ್ತಾನೆ, ಅವನ ಸಾಲು ಉದ್ದವಿದ್ದರೂ ಅವಳು ಅಲ್ಲೇ ನಿಲ್ಲುತ್ತಾಳೆ. ಎರಡು ವರ್ಷದ ಹಿಂದೆ ಖರ್ಜೂರದ ಸಂತೆ ನೋಡಲು ಉನೈಜಾಕ್ಕೆ ಹೋದಾಗ ಒಂದು ಕಡೆ ಗಂಡಸರು ಎದುರುಬದುರು ಸಾಲಾಗಿ ಮೊಣಕಾಲೂರಿ ಕೂತು, ಕೈತಮಟೆಯಂಥ ದಫ್ ಬಾರಿಸುತ್ತ, ಭುಜ ತೂಗುತ್ತ ಹಾಡುತ್ತಿದ್ದರು. ಅಖಿಲೇಶ ಕಾರಿನ ಡಿಕ್ಕಿಯಲ್ಲಿ ಖರ್ಜೂರದ ಡಬ್ಬಗಳಿಗೆ ಜಾಗ ಮಾಡುವುದರಲ್ಲಿದ್ದ. ಮೋಹಿನಿಯ ಕೈ ತನ್ನಷ್ಟಕ್ಕೆ ಬ್ಯಾಗಿನ ಮೇಲೆ ಆಡತೊಡಗಿತು. ಪಕ್ಕದಲ್ಲಿ ನಿಂತಿದ್ದ, ಕಣ್ಣು ಮಾತ್ರ ಕಾಣುವ ಒಬ್ಬ ಮುದುಕಿಯ ಬೆರಳೂ ತನ್ನ ಊರುಗೋಲಿನ ಮೇಲೆ ಅದೇ ಜಾಗದಲ್ಲಿ ಬೀಳುತ್ತಿತ್ತು. ಮುದುಕಿ ಇವಳ ಕೈ ನೋಡಿತು, ಇವಳು ಮುದುಕಿಯ ಕೈ ನೋಡಿದಳು, ಹಾಡು ಮುಗಿಯುವವರೆಗೆ ಇಬ್ಬರೂ ಹಾಗೇ ಇದ್ದರು. ಮಕ್ಕಳ ಮುಂದೆ ಮಾತ್ರ ಇದು ಅವಮಾನ. ಯಾಕೋ.

"ಯಲ್ಲಾ ಮೋಹಿನಿ, ನೆಕ್ಸ್ಟ್," ಎಂದು ರಿಸೆಪ್ಶನ್ನಿನಿಂದ ಫರಾ ಕೂಗಿದಳು. ಸಕ್ಕರೆ ಕಾಯಿಲೆಯ ತಪಾಸಣೆಗೆ ಬಂದ ಒಬ್ಬರು ಒಳಗೆ ಬಂದರು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ಕಂಪ್ಯೂಟರಿನಲ್ಲಿ ಹೆಸರು ಬಾವ ಎಂದಿತ್ತು. ಬೆಳಿಗ್ಗೆಯಿಂದ ಏನೂ ತಿಂದಿಲ್ಲವಲ್ಲ ಎಂದು ಅವಳು ವಾಡಿಕೆಯಂತೆ ಹಿಂದಿಯಲ್ಲಿ ಕೇಳಿದಳು. ಇಲ್ಲ ಎಂದರು. ಸೂಜಿ ನೋಡಿದ ಕೂಡಲೇ ಅವರ ಮುಖ ಆಚೆ ತಿರುಗಿತು, ಇಂಥವರು ದಿನಕ್ಕೆ ಹತ್ತು ಜನ. ಬಲಗೈಗೆ ರಬ್ಬರ್ ಪಟ್ಟಿ ಕಟ್ಟಿ ನರ ಹುಡುಕುತ್ತಿದ್ದಾಗ ಅವರ ಎಡಗೈ ಕುರ್ಚಿಯ ಅಂಚಿನ ಮೇಲೆ ಕುಣಿಯತೊಡಗಿತು. ಟರ್ರ್ ಟಕ, ಟರ್ರ್ ಟಕ. ಹೆದರಿಕೆಗೆ ಬೆರಳು ಬಡಿಯುವವರು ಇರುತ್ತಾರೆ, ಆದರೆ ಈ ಕೈಯ ಅಂಗೈ ಮೇಲ್ಮುಖವಾಗಿತ್ತು. ಹೆಗಲಿಂದ ಓರೆಯಾಗಿ ತೂಗುವ ಸೈಡ್ ಡ್ರಮ್ಮಿಗೆ ಎಡಗೈಯ ಕೋಲನ್ನು ಅಂಗೈ ಮೇಲೆ ಮಾಡಿಯೇ ಹಿಡಿಯಬೇಕು. ಹಾಗೆ ಕಲಿತವರು ಸಾಯುವವರೆಗೆ ಚಮಚವನ್ನೂ ಹಾಗೇ ಹಿಡಿಯುತ್ತಾರೆ. ಮೋಹಿನಿಗೆ ತಡೆಯಲಾಗಲಿಲ್ಲ. ಎಡಗೈಯಿಂದ ಪಕ್ಕದ ಸ್ಟೀಲ್ ಟ್ರೇಯ ಬೆನ್ನಿಗೆ ಧಂ ಎಂದು ಒಂದು ಕೊಟ್ಟಳು. ಆಮೇಲೆ ಇನ್ನೊಂದು. ಬಾವ ತಿರುಗಿ ನೋಡಿದರು. ಅವರ ಕೈ ನಿಲ್ಲಲಿಲ್ಲ, ಬದಲಿಗೆ ಗಟ್ಟಿಯಾಯಿತು. ನಾಲ್ಕು ಹೆಜ್ಜೆಯಷ್ಟು ದೂರ ಇಬ್ಬರೂ ಕೂತಲ್ಲೇ ನಿಂತಲ್ಲೇ ನಡೆದುಹೋದರು. ಫರಾ ಬಾಗಿಲಲ್ಲಿ ಮುಖ ಹಾಕಿ, "ಏಶ್ ಫೀ?" ಎಂದು ಕೇಳಿದಳು. ಏನಿಲ್ಲ, ಏನಿಲ್ಲ ಎಂದು ಮೋಹಿನಿ ಗಡಿಬಿಡಿಯಲ್ಲಿ ಕನ್ನಡದಲ್ಲೇ ಹೇಳಿ ಕೈಯಾಡಿಸಿದಳು.

"ಯಾವ ಶಾಲೆ?" ಎಂದರು ಬಾವ. ಇಂಡಿಯಾದ ಯಾವ ರಾಜ್ಯ ಎಂದು ಕೂಡ ಕೇಳಲಿಲ್ಲ, ನೇರ ಕನ್ನಡದಲ್ಲಿ.

"ಮುಲ್ಕಿ ಹತ್ರ. ಬೇಸ್, ದೊಡ್ಡ ಡ್ರಮ್. ನೀವು?"

"ವಿಟ್ಲ. ಸೈಡ್ ಡ್ರಮ್, ಎರಡನೇ ಸಾಲು. ಆಮೇಲೆ ಮೀಲಾದ್ ಮೆರವಣಿಗೆಗೆ ದಫ್." ಇಬ್ಬರಿಗೂ ತುಳು ಬರುತ್ತಿತ್ತು, ಆದರೂ ಬ್ಯಾಂಡಿನ ಮಾತು ಕನ್ನಡದಲ್ಲೇ ನಡೆಯಿತು. ಮಾಸ್ಟ್ರುಗಳು ಬೈದದ್ದೆಲ್ಲ ಆ ಭಾಷೆಯಲ್ಲಿ. "ನೀವು ಟ್ರೇಗೆ ಹೊಡೆದದ್ದು ಎಡಗಾಲಿನ ಪೆಟ್ಟು. ನನ್ನ ಕಾಲು ಕೂಡ್ಲೇ ಎದ್ದಿತು, ಸಿಸ್ಟ್ರೇ."

"ಕೈ ಆಡಿಸ್ಬೇಡಿ ಬಾವಾಕ, ನರ ಓಡ್ತದೆ," ಎಂದಳು ಮೋಹಿನಿ. ಸೂಜಿ ಒಳಗೆ ಹೋಗಿ ಹೊರಗೆ ಬಂದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಹತ್ತಿ ಒತ್ತಿ ಹಿಡಿದು ಕೂತವರು ಎದ್ದು ಹೋಗುವ ಲಕ್ಷಣ ತೋರಿಸಲಿಲ್ಲ. ಅಲ್ ಖೋಬಾರಿನ ರಸ್ತೆಯಲ್ಲಿ ತಮ್ಮದೊಂದು ಸ್ಪೇರ್ ಪಾರ್ಟ್ಸ್ ಅಂಗಡಿ, ಅಲ್ಲಿ ಒಬ್ಬ ಯೆಮನಿ ಗಿರಾಕಿ ಟೈರು ತಟ್ಟಿ ನೋಡಿದ ರೀತಿಯಿಂದಲೇ ಇವನು ಮಿಲಿಟರಿ ಬ್ಯಾಂಡಿನವನು ಎಂದು ತಾನು ಹೇಳಿದ್ದು, ಅದು ನಿಜವೇ ಆಗಿದ್ದು, ಎಲ್ಲ ಹೇಳಿದರು. ಅವರಿಗೂ ಇಂಥವರು ಸಿಗುತ್ತಾರೆಂದು ತಿಳಿದು ಮೋಹಿನಿಗೆ ಸಂಬಂಧಿಕರು ಸಿಕ್ಕಿದಷ್ಟು ಸಂತೋಷವಾಯಿತು. ಆ ಸಂತೋಷದಲ್ಲೇ ಬಾಯಿ ಜಾರಿತು. ಮಗಳೂ ಬೇಸ್ ಬಾರಿಸುತ್ತಾಳೆ, ಇವತ್ತು ಸಂಜೆ ಸ್ಪೋರ್ಟ್ಸ್ ಡೇ ಎಂದಳು.

"ಹೋಗ್ತೀರಲ್ಲ?"

"ಇಲ್ಲ, ಡ್ಯೂಟಿ ಉಂಟು."

ಬಾವ ಗೋಡೆಯ ಬೋರ್ಡಿನ ಕಡೆ ನೋಡಿದರು. "ಗುರುವಾರ ಲ್ಯಾಬ್ ಎರಡು ಗಂಟೆವರೆಗೆ ಅಂತ ಬರೆದಿದ್ದಾರಲ್ಲ."

ಸಿಕ್ಕಿಬಿದ್ದ ಮೋಹಿನಿ ಕೆಂಪಾದಳು. ಅಪರಿಚಿತ ರೋಗಿಯೊಬ್ಬರ ಮುಂದೆ ಮನೆಯ ವಿಷಯ ಬಿಚ್ಚುವವಳಲ್ಲ ಅವಳು, ಶಬ್ನಮಳ ಹತ್ತಿರವೂ ಹೇಳಿಕೊಂಡವಳಲ್ಲ. ಆದರೆ ಇವರು ರೋಗಿಯಲ್ಲ, ಸೈಡ್ ಡ್ರಮ್ಮು. ಕೂಗಿದ್ದು, ಬ್ಯಾಂಡು ನಿಂತದ್ದು, ಮಗಳು ಬೇಡವೆಂದದ್ದು, ಎಲ್ಲ ಹೇಳಿದಳು. ಬಾವ ನಗಲಿಲ್ಲ. "ತಿರುಗುವಾಗ ಕಾಲು ಬದಲಾಯ್ತಾ?" ಎಂದು ಗಂಭೀರವಾಗಿ ಕೇಳಿದರು.

"ಹೌದು."

"ಇಡೀ ಸಾಲಿಂದಾ?"

"ಇಡೀ ಸಾಲಿಂದು."

"ಮತ್ತೆ ಕೂಗದೆ ಇರೂದು ಹೇಗೆ ಮಾರಾಯ್ರೆ. ನಾನಾದ್ರೆ ಮೈದಾನಕ್ಕೇ ಇಳೀತಿದ್ದೆ. ನಮ್ಮ ಮನೆಯವಳು ಜೈನಬಾ ಆಮೇಲೆ ಒಂದು ತಿಂಗಳು ಮಾತು ಬಿಡ್ತಿದ್ಲು, ಅದು ಬೇರೆ." ಹತ್ತಿ ತೆಗೆದು ಬುಟ್ಟಿಗೆ ಹಾಕಿ, "ಮಗಳು ಒಳಗೆ ಬರ್ಬೇಡ ಅಂದದ್ದಲ್ವಾ?" ಎಂದರು. "ಶಾಲೆ ಹಿಂದೆ ರೋಡುಂಟಲ್ಲ, ಸಂಜೆ ನಾನೂ ಬರ್ತೇನೆ. ಹೊರಗೆ ರೋಡಲ್ಲಿ ನಿಲ್ಬೇಡ ಅಂದಿದ್ದಾಳಾ?"

ಅಂದಿರಲಿಲ್ಲ. ಲ್ಯಾಬಿಗೆ ಬೀಗ ಹಾಕಿ, ಮನೆಗೆ ಹೋಗಿ, ಬೆಳಗಿನ ಸಾರಿಗೆ ಅನ್ನ ಕಲಸಿಕೊಂಡು ಅವಳು ಅದನ್ನೇ ಯೋಚಿಸಿದಳು. ಹೊರಗೆ ನಿಂತು ಬ್ಯಾಂಡ್ ಕೇಳುವುದು ಮಾತು ಮುರಿದ ಹಾಗಾಗುತ್ತದೆಯೇ. ಆಗುತ್ತದೆ ಎಂದು ಒಂದು ಸಲ, ಇಲ್ಲ ಎಂದು ಒಂದು ಸಲ. ಅಕ್ಷಿತಾಳಿಗೆ ಗೊತ್ತಾದರೆ ಅದು ಕೂಗಿದ್ದಕ್ಕಿಂತ ದೊಡ್ಡ ತಪ್ಪು, ಕದ್ದು ಬಂದ ತಪ್ಪು. ಹದಿನೈದರ ಹುಡುಗಿ ಒಮ್ಮೆ ಬಾಗಿಲು ಹಾಕಿಕೊಂಡರೆ ಮತ್ತೆ ತೆಗೆಯುವುದು ಯಾವಾಗಲೋ. ಈಚೆಗೆ ಅವಳು ಹೇಳುವುದೆಲ್ಲ ಅಖಿಲೇಶನ ಹತ್ತಿರ, ಇವಳ ಪಾಲಿಗೆ ಬರುವುದು ಫೈನ್, ಓಕೆ, ನಥಿಂಗ್. ಅದಕ್ಕಿಂತ ಕಡಿಮೆಯಾದರೆ ಏನೂ ಉಳಿಯುವುದಿಲ್ಲ. ಹೋಗುವುದಿಲ್ಲ ಎಂದು ತೀರ್ಮಾನಿಸಿ ಅವಳು ಬಟ್ಟೆ ಮಡಚಲು ಕೂತಳು. ಮಗಳ ಒಂದು ಶರ್ಟಿನ ಭುಜದಲ್ಲಿ ಡ್ರಮ್ಮಿನ ಪಟ್ಟಿ ಉಜ್ಜಿ ನೂಲು ಎದ್ದಿತ್ತು. ತನ್ನ ಶರ್ಟಿನಲ್ಲೂ ಇದೇ ಜಾಗದಲ್ಲಿ ಹೀಗೇ ಏಳುತ್ತಿತ್ತು, ಹೊಸ ಶರ್ಟು ಯಾರು ಕೊಡುತ್ತಾರೆಂದು ಅಮ್ಮ ಬೈಯುತ್ತಿದ್ದಳು. ಆ ಶರ್ಟನ್ನು ಅರ್ಧ ಮಡಚಿ ಅಲ್ಲೇ ಬಿಟ್ಟು ಮೋಹಿನಿ ಕಾರಿನ ಕೀ ತೆಗೆದುಕೊಂಡಳು.

ಶಾಲೆಯ ಹಿಂಗೋಡೆಯ ರಸ್ತೆಯಲ್ಲಿ ಜನವಿರಲಿಲ್ಲ. ಫೆಬ್ರವರಿಯ ಸಂಜೆ, ಬಿಸಿಲಿಗೆ ಹೊಡೆತವಿಲ್ಲ, ಸಮುದ್ರದ ಕಡೆಯಿಂದ ತಣ್ಣಗೆ ಗಾಳಿ. ಬಾವ ಆಗಲೇ ಬಂದಿದ್ದರು. ತಮ್ಮ ದೊಡ್ಡ ಗಾಡಿಯನ್ನು ಗೋಡೆಗೆ ಒರಗಿಸಿದ ಹಾಗೆ ನಿಲ್ಲಿಸಿದ್ದರು, ಒಳಗೆ ಜೈನಬಾ ಕೂತು ಫೋನಿನಲ್ಲಿ ಯಾರೊಡನೆಯೋ ಬ್ಯಾರಿ ಭಾಷೆಯಲ್ಲಿ ಜೋರಾಗಿ ಗಂಡನ ಬಗ್ಗೆಯೇ ದೂರುತ್ತಿದ್ದರು. ಮೋಹಿನಿ ಕಾರಿಳಿದು ನಿಂತಳು. ಗೋಡೆ ಎರಡಾಳೆತ್ತರ. ಮೇಲೆ ಧ್ವಜದ ತುದಿ ಬಿಟ್ಟರೆ ಏನೂ ಕಾಣದು. ಮೈಕಿನಲ್ಲಿ ಯಾರೋ ಸ್ವಾಗತಿಸಿದರು, ಇನ್ಯಾರೋ ಧನ್ಯವಾದ ಹೇಳಿದರು, ಆಮೇಲೆ ಸೀಟಿ ಕೇಳಿಸಿತು.

ಮೊದಲು ಬಂದದ್ದು ದೊಡ್ಡ ಡ್ರಮ್ಮೇ. ಧಂ, ಧಂ, ಧಂ ಧಂ ಧಂ. ಕಾಲು ಕಾಣುತ್ತಿರಲಿಲ್ಲವಾದ್ದರಿಂದ ಎಡವೋ ಬಲವೋ ತಿಳಿಯುವ ದಾರಿಯಿರಲಿಲ್ಲ. ಅದು ಎಂಥ ದೊಡ್ಡ ನೆಮ್ಮದಿ ಎಂದು ಮೋಹಿನಿಗೆ ಆಗ ಗೊತ್ತಾಯಿತು. ತಿದ್ದಲು ಏನೂ ಇಲ್ಲದೆ ಬರೀ ಕೇಳಿದಳು. ಹುಡುಗಿ ಚೆನ್ನಾಗಿ ಬಾರಿಸುತ್ತಿದ್ದಳು. ಇವಳಿಗಿಂತ ಸ್ವಲ್ಪ ಹಗುರವಾದ ಕೈ, ಪೆಟ್ಟು ಬಿದ್ದ ಮೇಲೆ ಚರ್ಮವನ್ನು ಒತ್ತದೆ ಬಿಟ್ಟುಬಿಡುವ ಕೈ, ಅದರಿಂದ ಸದ್ದು ದುಂಡಗಾಗಿ ಮೇಲೇಳುತ್ತಿತ್ತು. ಇದನ್ನು ತಾನು ಕಲಿಸಿದ್ದಲ್ಲ. ಇದು ಅವಳದೇ. ಮೋಹಿನಿಯ ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ. ಪಕ್ಕದಲ್ಲಿ ಬಾವ ಗಾಡಿಯ ಬಾನೆಟ್ಟಿನ ಮೇಲೆ ಬೆರಳಿಂದ ಸೈಡ್ ಡ್ರಮ್ಮು ಹಾಕುತ್ತಿದ್ದರು, ಒಳಗಿನಿಂದ ಜೈನಬಾ ಗಾಜು ತಟ್ಟಿದರೂ ಕೇಳಿಸಿಕೊಳ್ಳಲಿಲ್ಲ. ಸದ್ದು ಮೈದಾನದ ಉದ್ದಕ್ಕೆ ಹೋಗಿ, ದೂರವಾಗಿ, ಮೂಲೆಯಲ್ಲಿ ತಿರುಗಿತು. ಅಲ್ಲಿ ದೊಡ್ಡ ಡ್ರಮ್ಮು ನಿಂತಿತು.

ಒಂದು ಪೆಟ್ಟಿನ ಜಾಗ ಖಾಲಿ ಬಂತು. ಮೋಹಿನಿಯ ಅಂಗೈ ಅವಳನ್ನು ಕೇಳದೆ ಎದ್ದು ಕಾರಿನ ಟಾಪಿನ ಮೇಲೆ ಬಿತ್ತು. ಎರಡನೆಯದೂ ಖಾಲಿ, ಅದಕ್ಕೂ ಬಿತ್ತು, ಇನ್ನೂ ಜೋರಾಗಿ. ಮೂರನೆಯದಕ್ಕೆ ಗೋಡೆಯಾಚೆ ಡ್ರಮ್ಮು ಮರಳಿ ಬಂದು ಸರಿಯಾದ ಜಾಗದಲ್ಲೇ ಕೂತಿತು. ತಗಡಿನ ಸದ್ದಿಗೆ ಎದುರು ಮನೆಯ ಪಾರಿವಾಳಗಳು ಹಾರಿದವು. ಬಾವ ಬಾನೆಟ್ಟಿನಿಂದ ಕೈ ತೆಗೆದು ಇವಳನ್ನು ನೋಡಿದರು. "ಹೋದದ್ದು ಎರಡೇ. ಕೂಡ್ಲೇ ಹಿಡಿದ್ಲು," ಎಂದರು. ಒಳಗೆ ಚಪ್ಪಾಳೆ ಎಂದಿನಂತೆ ಬೀಳುತ್ತಿತ್ತು.

ಜನ ಹೊರಬರುವ ಮೊದಲು ಹೊರಟುಬಿಡಬೇಕೆಂಬುದು ಅವಳ ಲೆಕ್ಕಾಚಾರ. ಆದರೆ ಮೂಲೆ ತಿರುಗುವಾಗ ಸೈಡ್ ಡ್ರಮ್ಮಿನವರು ನಿಲ್ಲದೆ ಬಾರಿಸಿದ್ದನ್ನು ವರ್ಣಿಸುತ್ತ ಬಾವ ಗಾಡಿ ತೆಗೆಯಲು ತಡಮಾಡಿದರು, ಅವರ ಗಾಡಿ ತೆಗೆಯದೆ ಇವಳ ಕಾರು ಹೊರಡುವಂತಿರಲಿಲ್ಲ. ಅಂತೂ ಅವರು ಸಲಾಂ ಹೇಳಿ ಹೋಗುವಷ್ಟರಲ್ಲಿ ಹಿಂಬಾಗಿಲು ತೆರೆದು ಮಕ್ಕಳು ಹೊರಗೆ ಬರತೊಡಗಿದರು. ಅಖಿಲೇಶ ಮಗಳ ಬ್ಯಾಗು ಹಿಡಿದು, ಅವಳಿಗಿಂತ ಅರ್ಧ ಹೆಜ್ಜೆ ತಪ್ಪಿ ಬರುತ್ತಿದ್ದ. ಅಕ್ಷಿತಾ ಕಾರನ್ನು ಮೊದಲು ನೋಡಿದಳು, ಆಮೇಲೆ ಅದರ ಪಕ್ಕ ನಿಂತವಳನ್ನು. ಮೋಹಿನಿಗೆ ಓಡಲು ಜಾಗವಿರಲಿಲ್ಲ.

"ನಾನು ಒಳಗೆ ಬರ್ಲಿಲ್ಲ," ಎಂದಳು, ಯಾರೂ ಕೇಳುವ ಮೊದಲೇ.

ಅಕ್ಷಿತಾ ಅಪ್ಪನಿಗೆ, "ನಾನು ಅಮ್ಮನ ಜೊತೆ ಹೋಗ್ತೇನೆ," ಎಂದು ಮುಂದಿನ ಸೀಟಿನಲ್ಲಿ ಬಂದು ಕೂತಳು. ಅಖಿಲೇಶ ಇಬ್ಬರನ್ನೂ ಒಂದೊಂದು ಸಲ ನೋಡಿ, ಇದರಲ್ಲಿ ತನಗೆ ತಿಳಿಯದ್ದು ಏನೋ ಇದೆ ಎಂದುಕೊಂಡವನಂತೆ ಬ್ಯಾಗನ್ನು ಹಿಂದಿನ ಸೀಟಿಗೆ ಹಾಕಿ ಹೋದ. ಕಾರು ದೊಡ್ಡ ರಸ್ತೆಗೆ ಬಂದು ಸಿಗ್ನಲ್ಲಿನಲ್ಲಿ ನಿಂತಿತು. ಬೈಗುಳಕ್ಕೆ ಮೋಹಿನಿ ಸಿದ್ಧವಾಗಿದ್ದಳು.

"ಅಪ್ಪ ಸೂಪರ್ ಅಂದ್ರು," ಎಂದಳು ಅಕ್ಷಿತಾ ಮುಂದಿನ ಗಾಜನ್ನು ನೋಡುತ್ತ. "ಮಿಸ್ ಕೂಡ ಸೂಪರ್ ಅಂದ್ರು. ಎಲ್ರೂ ಸೂಪರ್. ನಿಂಗೆ ಅಲ್ಲಿಂದ ಕೇಳ್ತಿತ್ತಾ?"

"ಕೇಳ್ತಿತ್ತು."

"ಎಲ್ಲ?"

ಸೂಪರ್ ಎಂದುಬಿಡಬೇಕು. ಒಳ್ಳೆಯ ತಾಯಂದಿರು ಇಂಥಲ್ಲಿ ಅದನ್ನೇ ಹೇಳುತ್ತಾರೆ, ಇಡೀ ವಾರ ಮೋಹಿನಿ ಪಾತ್ರೆ ತೊಳೆಯುತ್ತ ಅಭ್ಯಾಸ ಮಾಡಿಕೊಂಡದ್ದೂ ಅದನ್ನೇ. ಆದರೆ ಬಾಯಿಗೆ ಬರಲಿಲ್ಲ. "ಮೂಲೆಯಲ್ಲಿ ತಿರುಗುವಾಗ ಎರಡು ಪೆಟ್ಟು ಹೋಯ್ತು," ಎಂದಳು ಮೆಲ್ಲಗೆ.

ಅಕ್ಷಿತಾ ಸೀಟಿಗೆ ತಲೆ ಒರಗಿಸಿ ಉಸಿರು ಬಿಟ್ಟಳು. "ಥ್ಯಾಂಕ್ ಗಾಡ್," ಎಂದಳು. "ನಂಗೆ ಹುಚ್ಚು ಹಿಡಿದ ಹಾಗಾಗಿತ್ತು ಅಮ್ಮಾ. ಸ್ಟಿಕ್ ಜಾರಿತು. ಆ ಎರಡು ಪೆಟ್ಟು ನಂಗೆ ಎಷ್ಟು ಉದ್ದ ಅನ್ನಿಸ್ತು ಗೊತ್ತುಂಟಾ. ಹೊರಗೆ ಬಂದ್ರೆ ಒಬ್ಬರಿಗೂ ಗೊತ್ತೇ ಇಲ್ಲ. ಬಾರಿಸಿದ್ದೂ ಯಾರಿಗೂ ಕೇಳಿಲ್ವೇನೋ ಅಂತ ಅನ್ನಿಸ್ತು."

"ಕೇಳಿತು. ನಿನ್ನ ಕೈ ನನ್ನದಕ್ಕಿಂತ ಒಳ್ಳೇದು." ಮೋಹಿನಿ ಸ್ಟಿಯರಿಂಗಿಗೆ ಮೆಲ್ಲಗೆ ಎರಡು ಸಲ ತಟ್ಟಿದಳು. "ಆ ಎರಡನ್ನು ನಾನು ಹೊಡೆದೆ."

"ಎಲ್ಲಿ?"

"ಕಾರಿನ ಟಾಪಿಗೆ."

ಹುಡುಗಿ ತಿರುಗಿ ಅವಳನ್ನು ನೋಡಿದಳು. "ಜೋರಾಗಿಯಾ?"

"ಹೂಂ."

"ಯಾರಾದ್ರೂ ನೋಡಿದ್ರಾ?"

"ಒಬ್ರು. ಅವ್ರು ಬ್ಯಾಂಡಿನವ್ರೇ."

ಅಕ್ಷಿತಾ ಕೈಯಿಂದ ಮುಖ ಮುಚ್ಚಿಕೊಂಡಳು. ಭುಜ ಅಲುಗತೊಡಗಿದ್ದು ನೋಡಿ ಅಳುತ್ತಿದ್ದಾಳೆಂದು ಮೋಹಿನಿ ಗಾಬರಿಯಾದಳು, ಆಮೇಲೆ ನಗುವೆಂದು ತಿಳಿಯಿತು. ನಗು ಮುಗಿಯಲು ಬಹಳ ಹೊತ್ತು ಹಿಡಿಯಿತು.

"ಮುಂದಿನ ಸಲ ಅಪ್ಪ ಬೇಕಾದ್ರೆ ಮನೇಲಿರ್ಲಿ," ಎಂದಳು ಕಣ್ಣೊರೆಸಿಕೊಂಡು. "ನೀನು ಬಾ."

ಸಿಗ್ನಲ್ ಹಸಿರಾದದ್ದನ್ನು ಮೋಹಿನಿ ನೋಡಲಿಲ್ಲ. ಹಿಂದಿನವರು ಎರಡು ಮೂರು ಸಲ ಹಾರ್ನ್ ಹೊಡೆದ ಮೇಲೆ ಕಾರು ಮುಂದೆ ಹೋಯಿತು.